ಯಾರ ಮನೆಗೆ ಬಂದ್ರಿ?

ಹೋದ ವಾರ ಊಟದ ಹೊತ್ತಲ್ಲಿ ಗೆಳತಿಯೊಬ್ಬಳು ಕೇಳಿದಳು. "ಜನಾನೇ ಇಲ್ದಿರೋ ಒಂದು ಜಾಗ ಹೇಳೇ. ಒಬ್ಳೇ ಹೋಗಿ ನಾಕು ದಿನ ಸುಮ್ನೆ ಇದ್ದು ಬರ್ತೀನಿ. ನೀನು ಹೀಗೆಲ್ಲಾ ತಿರುಗ್ತಿರ್ತೀಯಲ್ಲ..."

ತಕ್ಷಣ ಬಾಯಿಗೆ ಬಂದದ್ದು ಹೊನ್ನವಳ್ಳಿ. ಆದರೆ ಹೇಳಲಿಲ್ಲ. "ಯೋಚಿಸಿ ಹೇಳ್ತೀನಿ" ಅಂದು ಮೊಸರನ್ನ ಮುಗಿಸಿ ಎದ್ದೆ. ಯಾಕೆ ಹೇಳಲಿಲ್ಲ ಅನ್ನೋದನ್ನ ಇಲ್ಲಿ ಬರೆದು ನೋಡೋಣ ಅನ್ನಿಸಿತು. ನೀವೂ ತಿರುಗಾಡಿ ಬಂದು ಬರೆಯುವವರೇ, ನಿಮಗೂ ಹೀಗೆ ಆಗಿರಬಹುದು.

ಮೊದಲನೇದಾಗಿ ಆ "ಜನಾನೇ ಇಲ್ದಿರೋ ಜಾಗ". ಹೊನ್ನವಳ್ಳಿಯಲ್ಲಿ ಜನ ಇಲ್ವಾ? ಹೋಬಳಿ ಕೇಂದ್ರ ಅದು. ಬಸ್ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಎಂಟೂವರೆಗೆ ಹೋಗಿ ನಿಂತರೆ ಸ್ಕೂಲು ಕಾಲೇಜಿನ ಹುಡುಗರ ನಡುವೆ ಕಾಲಿಡೋಕೆ ಜಾಗ ಸಿಗಲ್ಲ. ಗೆಳತಿ ಹೇಳಿದ್ದು ಆ ಜನರನ್ನಲ್ಲ. ಶನಿವಾರ ಬೆಳಿಗ್ಗೆ ನಾಲ್ಕಕ್ಕೆ ಕಾರು ಹತ್ತಿ ನಂದಿಬೆಟ್ಟಕ್ಕೋ ಮುಳ್ಳಯ್ಯನಗಿರಿಗೋ ಹೊರಡುವ ನಮ್ಮಂಥವರನ್ನ. ಊರಿನಲ್ಲೇ ಹುಟ್ಟಿ ಅಲ್ಲೇ ಇರೋರು ನಮ್ಮ ಲೆಕ್ಕದಲ್ಲಿ ಜನ ಅಲ್ಲ, ಸೀನರಿ! ನಾನೂ ಹಾಗೇ ಲೆಕ್ಕ ಹಾಕುತ್ತಿದ್ದೆ, 2023ರ ಡಿಸೆಂಬರಿನ ತನಕ.

ಗದ್ದಲದ ಜಾಗಗಳ ಕತೆ ನಿಮಗೆಲ್ಲ ಗೊತ್ತಿರೋದೇ, ಉದ್ದ ಮಾಡಲ್ಲ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತಕ್ಕೆ ಜನ ನುಗ್ಗಿ, ಗಿರಿಗದ್ದೆ ದಾರಿಯಲ್ಲಿ ತಿರುಪತಿ ಕ್ಯೂ ಥರ ನಿಂತಿದ್ದ ವಿಡಿಯೋ ಎಲ್ಲರ ಫೋನಿಗೂ ಬಂದಿತ್ತಲ್ಲ? ಅದಾದ ಮೇಲೆ ಅರಣ್ಯ ಇಲಾಖೆಯವರು ಚಾರಣ ನಿಲ್ಲಿಸಿ, ಆನ್‌ಲೈನ್ ಬುಕಿಂಗು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ತಂದರು. ಸರಿಯಾದದ್ದೇ ಮಾಡಿದರು. ಆದರೆ ಅಲ್ಲಿ ಜಾಗ ಸಿಗದವರು ಮನೆಯಲ್ಲಿ ಕೂರ್ತಾರಾ? "ಇನ್ನೂ ಯಾರಿಗೂ ಗೊತ್ತಿಲ್ಲದ" ಇನ್ನೊಂದು ಜಾಗ ಹುಡುಕ್ತಾರೆ. ಯಾರಿಗೂ ಗೊತ್ತಿಲ್ಲದ ಜಾಗ ಅಂತೆ... ಆ ಬೆಟ್ಟದ ಬುಡದಲ್ಲಿ ನೂರಾರು ವರ್ಷದಿಂದ ಬೇಸಾಯ ಮಾಡಿಕೊಂಡಿರೋರಿಗೆ ಗೊತ್ತಿರಲಿಲ್ಲವೇನೋ ಪಾಪ!

ಹೊನ್ನವಳ್ಳಿ ನನ್ನ ತಲೆಗೆ ಹೊಕ್ಕಿದ್ದು ರೈಲಿನಿಂದ. ಶಿವಮೊಗ್ಗಕ್ಕೆ ಹೋಗುವಾಗ ತಿಪಟೂರು ದಾಟಿ ಅರಸೀಕೆರೆ ಬರುವ ಮೊದಲು "ಹೊನ್ನವಳ್ಳಿ ರೋಡ್" ಅಂತ ಒಂದು ಹಳದಿ ಬೋರ್ಡು ಸುಯ್ಯಂತ ಹಿಂದೆ ಹೋಗುತ್ತೆ. ಇದೇ ದಾರಿಯಲ್ಲಿ ಸಂಪಿಗೆ ರೋಡ್ ಅಂತಲೂ ಒಂದಿದೆ. ರೈಲ್ವೆಯವರ ಭಾಷೆಯಲ್ಲಿ ರೋಡ್ ಅಂದರೆ "ಊರು ಇಲ್ಲಿಲ್ಲ, ಇಲ್ಲಿಳಿದು ಇನ್ನೂ ಹೋಗಬೇಕು" ಅಂತ ಅರ್ಥ. ಎಷ್ಟೋ ವರ್ಷ ಆ ಬೋರ್ಡು ನೋಡಿದ್ದೆ, ಊರು ನೋಡಿರಲಿಲ್ಲ. ಒಂದು ಕಾಲಕ್ಕೆ ಹೊನ್ನವಳ್ಳಿಯೇ ತಾಲ್ಲೂಕು ಕೇಂದ್ರ, ತಿಪಟೂರು ಅಲ್ಲ. ರೈಲು ಬಂದದ್ದು ತಿಪಟೂರಿಗೆ. ಕೊಬ್ಬರಿ ಮಾರುಕಟ್ಟೆ ಬೆಳೆದದ್ದೂ ಅಲ್ಲೇ, ಬಿ.ಎಚ್. ರಸ್ತೆ ಹಾದುಹೋದದ್ದೂ ಅಲ್ಲೇ. ಹಿರಿಯಕ್ಕನ ಪಟ್ಟ ತಂಗಿಗೆ ಹೋಯಿತು. ಮೈಸೂರಿನ ಹಳೇ ಗೆಜೆಟಿಯರಿನಲ್ಲಿ ಬಿ.ಎಲ್. ರೈಸ್ ಹೊನ್ನವಳ್ಳಿಯ "ಗಂಗಾಪಾನಿ" ಅನ್ನುವ ತೆಂಗಿನ ರುಚಿಯನ್ನ ಹೊಗಳಿದ್ದಾರೆ. ಇಷ್ಟು ಸಾಕಾಯ್ತು ನನಗೆ, ಬ್ಯಾಗು ಹೆಗಲಿಗೇರಿಸಲು.

ತಿಪಟೂರಿನಲ್ಲಿ ಒಂದು ಲಾಡ್ಜಿನಲ್ಲಿ ರೂಮು ಮಾಡಿದೆ. (ಒಬ್ಬಳೇ ಅಂದಾಗ ಕೌಂಟರಿನವನು ಆಧಾರ್ ಕಾರ್ಡನ್ನ ಎರಡೂ ಕಡೆ ತಿರುಗಿಸಿ ತಿರುಗಿಸಿ ನೋಡಿದ, ನನ್ನ ಗಂಡ ಅದರ ಹಿಂದೆಲ್ಲಾದರೂ ಅಡಗಿ ಕೂತಿದ್ದಾನೇನೋ ಅನ್ನೋ ಥರ.) ಬೆಳಿಗ್ಗೆ ಸರ್ಕಾರಿ ಬಸ್ಸು ಹತ್ತಿದೆ. ಊರು ಅಲ್ಲಿಂದ ಹತ್ತು ಹನ್ನೆರಡು ಕಿಲೋಮೀಟರು. ಆ ವರ್ಷ ಜೂನ್ 11ರಿಂದ ಶಕ್ತಿ ಯೋಜನೆ ಶುರುವಾಗಿತ್ತು, ಹಾಗಾಗಿ ಸೊನ್ನೆ ರೂಪಾಯಿಯ ಟಿಕೆಟ್ಟು. ಪಕ್ಕದಲ್ಲಿ ಕೂತ ಅಜ್ಜಿ ತನ್ನ ಟಿಕೆಟ್ಟನ್ನ ಎಲೆಯಡಿಕೆ ಚೀಲದೊಳಗೆ ಭದ್ರವಾಗಿ ಇಟ್ಟುಕೊಂಡು ಕೇಳಿದಳು:

"ಯಾರ ಮನೆಗ್ ಬಂದ್ರವ್ವಾ?"

"ಯಾರ ಮನೆಗೂ ಅಲ್ಲ ಅಜ್ಜಿ, ಸುಮ್ನೆ ಊರು ನೋಡೋಕೆ."

ಅಜ್ಜಿ ನನ್ನನ್ನ ಕಾಲಿನಿಂದ ತಲೆ ತನಕ ನೋಡಿದಳು. "ಸುಮ್ಕೆ ಯಾರಾನ ಬತ್ತಾರಾ?" ಅಂದು ಕಿಟಕಿ ಕಡೆ ತಿರುಗಿದಳು.

ಆವತ್ತು ಮಧ್ಯಾಹ್ನದೊಳಗೆ ಇದೇ ಪ್ರಶ್ನೆ ಐದಾರು ಸಲ ಬಂತು. ಹೋಟೆಲಿನಲ್ಲಿ, ಕೆರೆ ಏರಿ ಮೇಲೆ, ದೇವಸ್ಥಾನದ ಜಗುಲಿಯಲ್ಲಿ. ಯಾರ ಮನೆಗೆ? ಯಾವ ಆಫೀಸಿಂದ? ಪ್ರವಾಸಿ ತಾಣಗಳಲ್ಲಿ ಈ ಪ್ರಶ್ನೆ ಯಾರೂ ಕೇಳಲ್ಲ ಗಮನಿಸಿದ್ದೀರಾ? ಅಲ್ಲಿ ನಾವು ಗಿರಾಕಿಗಳು, ದುಡ್ಡು ಕೊಟ್ಟರೆ ಮುಗೀತು. ಇಲ್ಲಿ ನನ್ನ ಹತ್ತಿರ ತಗೋಬೇಕಾದ ದುಡ್ಡೇನೂ ಯಾರಿಗೂ ಇರಲಿಲ್ಲ. ಹಾಗಾಗಿ ನಾನು ಯಾರು ಅಂತ ಹೇಳಲೇಬೇಕಿತ್ತು. ಆ ಊರಿಗೆ ಹೊರಗಿನಿಂದ ಬರೋರು ಎರಡೇ ಥರ, ನೆಂಟರು ಇಲ್ಲಾ ಸರ್ಕಾರದವರು. ಮೂರನೇ ಥರದವಳಿಗೆ ಹೆಸರೇ ಇಲ್ಲ.

ಆಮೇಲೆ ನಾನು ಮಾಡಿದ ಕೆಲಸವನ್ನ ಇಷ್ಟು ದಿನ ಎಲ್ಲೂ ಬರೆದಿರಲಿಲ್ಲ.

ಊರಾಚೆ ತೋಟಗಳ ನಡುವಿನ ದಾರಿಯಲ್ಲಿ ನಡೆದು ಹೋಗುತ್ತಿದ್ದೆ. ಬರದ ವರ್ಷ ಅದು. ಗರಿಗಳು ಮಡಚಿದ ಕೊಡೆ ಥರ ಜೋತು ಬಿದ್ದಿದ್ದವು. ಬೇಲಿ ಪಕ್ಕದಲ್ಲಿ ಕೂತಿದ್ದ ಅಜ್ಜನೊಬ್ಬ ಎದ್ದು ಬಂದು ಅದೇ ಪ್ರಶ್ನೆ ಕೇಳಿದ. ಕೈಯಲ್ಲಿ ನೋಟ್‌ಬುಕ್ಕು ಇತ್ತು, ಬಿಸಿಲಿತ್ತು, ಕೇಳಿಸಿಕೊಂಡು ಸಾಕಾಗಿತ್ತು. "ಸರ್ವೆಗೆ ಬಂದಿದೀನಿ ಅಜ್ಜ, ತೆಂಗಿನ ಸರ್ವೆ" ಅಂದುಬಿಟ್ಟೆ.

ಒಂದು ಸಣ್ಣ ಸುಳ್ಳು. ದಾರಿ ಬಿಡಲಿ ಅಂತ ಹೇಳಿದ್ದು. ಅಜ್ಜ ದಾರಿ ಬಿಡಲಿಲ್ಲ, ಗೇಟು ತೆಗೆದ.

ಎರಡು ಗಂಟೆ ತೋಟ ತೋರಿಸಿದ. ಒಂದೊಂದು ಮರದ ಹತ್ತಿರವೂ ನಿಲ್ಲಿಸಿದ. ಕಾಂಡದಿಂದ ಕಂದು ಬಣ್ಣದ ರಸ ಸೋರಿ ಒಣಗಿದ ಗೆರೆಗಳು. ನುಸಿ ಹತ್ತಿ ಮೈಯೆಲ್ಲ ಕಜ್ಜಿಯಾದಂತೆ ಬಿರುಕುಬಿಟ್ಟ ಸಣ್ಣ ಕಾಯಿಗಳು. "ತೊಂಬತ್ತೆಂಟು ತೊಂಬತ್ತೊಂಬತ್ತರಾಗೆ ಬಂತು ಕಣವ್ವ ಈ ನುಸಿ, ಬಂದಿದ್ದು ಓಗ್ಲೇ ಇಲ್ಲ." ಕಪ್ಪುತಲೆ ಹುಳು ತಿಂದು ಸುಟ್ಟಂತಾದ ಗರಿಗಳು. "ಬರ್ಕಳಿ ಬರ್ಕಳಿ" ಅಂದ. ನಾನು ಬರೆದುಕೊಂಡೆ! ಇಷ್ಟು ಮರ, ಇಷ್ಟಕ್ಕೆ ರೋಗ, ಇಷ್ಟು ಬೋರು ಕೊರೆಸಿದ್ದು, ಇಷ್ಟರಲ್ಲಿ ನೀರಿಲ್ಲ. ಬರೆಯದೆ ಇದ್ದಿದ್ದರೆ ಸಿಕ್ಕಿಬೀಳುತ್ತಿದ್ದೆನಲ್ಲ.

ಆಮೇಲೆ ಮನೆಗೆ ಕರಕೊಂಡು ಹೋದ. ಅಜ್ಜಿ ಮುದ್ದೆ, ಅವರೆಕಾಳು ಸಾರು ಬಡಿಸಿದಳು. ಅಟ್ಟದ ಏಣಿ ಹಿಡಿದುಕೊಂಡು ಅಜ್ಜ ಹತ್ತಿಸಿದ. ತಿಪಟೂರು ಸೀಮೆಯ ಉಂಡೆ ಕೊಬ್ಬರಿ ಹೇಗಾಗುತ್ತೆ ಅಂತ ನಾನು ಆವತ್ತಿನ ತನಕ ತಿಳಿದಿರಲಿಲ್ಲ. ಕಾಯಿ ಒಡೆದು ಒಣಗಿಸೋದು ಅಂತಲೇ ಅಂದುಕೊಂಡಿದ್ದೆ. ಅಲ್ಲ. ಬಲಿತ ಇಡೀ ಕಾಯನ್ನ ಅಟ್ಟಕ್ಕೆ ಹಾಕಿ ಎಂಟರಿಂದ ಹನ್ನೆರಡು ತಿಂಗಳು ಬಿಡಬೇಕು. ಒಳಗಿನ ನೀರು ನಿಧಾನಕ್ಕೆ ಇಂಗುತ್ತೆ, ತಿರುಳು ಒಣಗಿ ಚಿಪ್ಪು ಬಿಡುತ್ತೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನುತ್ತೆ. ಆಮೇಲೆ ಸುಲಿದು, ಚಿಪ್ಪು ಒಡೆದರೆ ಇಡೀ ಗಿಟುಕು. ಅವಸರ ಮಾಡಿದರೆ ಕೊಬ್ಬರಿಯಲ್ಲ, ಕೊಳೆತ ಕಾಯಿ. ಕತ್ತಲಲ್ಲಿ ಒಂದು ವರ್ಷದ ದುಡಿಮೆ ಆ ಮೂಲೆಯಿಂದ ಈ ಮೂಲೆ ತನಕ ಮಲಗಿತ್ತು. ನಾವು ಈಗ "ನಿಧಾನ ಪ್ರಯಾಣ" ಅಂತ ದೊಡ್ಡದಾಗಿ ಹೇಳಿಕೊಳ್ಳುತ್ತೇವಲ್ಲ, ನಾಲ್ಕು ದಿನ ಒಂದೇ ಊರಲ್ಲಿ ಇದ್ದರೆ ಅದೇ ಒಂದು ಸಾಧನೆ ನಮಗೆ.

ಅಟ್ಟದಲ್ಲೇ ಕೂತು ಅಜ್ಜ ಬೆಲೆಯ ಮಾತೆತ್ತಿದ. ಆ ವರ್ಷ ಕೇಂದ್ರದ ಬೆಂಬಲ ಬೆಲೆ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ. ಮಾರುಕಟ್ಟೆಯಲ್ಲಿ ನಡೆಯುತ್ತಿದ್ದದ್ದು ಎಂಟು ಒಂಬತ್ತು ಸಾವಿರದ ಆಸುಪಾಸು. "ನಾಫೆಡ್ಡವರು ಯಾವಾಗ ಕೊಂತಾರೆ, ಎಷ್ಟು ಕೊಂತಾರೆ, ನೀವೇ ವಸಿ ವಿಚಾರಿಸ್ರವ್ವಾ. ಬರದ ಲಿಸ್ಟಿನಾಗೂ ನಮ್ದು ಬಿಟ್ಟೋಗೈತೆ" ಅಂದ. "ಹೇಳ್ತೀನಿ ಅಜ್ಜ" ಅಂದೆ.

ಹೇಳ್ತೀನಿ ಅಂದೆ. ಯಾರಿಗೆ?

ಆವತ್ತು ರಾತ್ರಿ ಲಾಡ್ಜಿನಲ್ಲಿ ನಿದ್ದೆ ಬರಲಿಲ್ಲ. ಜೊತೆಗೆ ಒಯ್ದಿದ್ದ ಜೆರಾಕ್ಸ್ ಹಾಳೆಗಳಲ್ಲಿ ಫ್ರಾನ್ಸಿಸ್ ಬುಕಾನನ್ ಇದ್ದ. 1799ರಲ್ಲಿ ಟಿಪ್ಪು ಸತ್ತ ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯ ಮೇಲೆ ಈ ಸೀಮೆಯನ್ನೆಲ್ಲ ಸುತ್ತಿದವನು. ಚಿಕ್ಕನಾಯಕನಹಳ್ಳಿ, ತುರುವೇಕೆರೆ ಕಡೆಯೆಲ್ಲ ಓಡಾಡಿ ತೆಂಗು ಅಡಿಕೆ ತೋಟಗಳ ವಿವರ, ಮಣ್ಣು, ಕಂದಾಯ ಎಲ್ಲ ಕೇಳಿ ಬರೆದುಕೊಂಡ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಬಂತು. ಅವನ ಬರವಣಿಗೆ ನನಗೆ ಇಷ್ಟ, ಇವತ್ತಿಗೂ. ಆದರೆ ಅವತ್ತು ರಾತ್ರಿ ಓದುವಾಗ ಹೊಳೆದದ್ದು ಬೇರೆ. ಇನ್ನೂರು ಚಿಲ್ಲರೆ ವರ್ಷದಿಂದ ಈ ತೋಟಗಳ ನಡುವೆ ನೋಟ್‌ಬುಕ್ಕು ಹಿಡಿದು ಬಂದವರೆಲ್ಲ ಏನೋ ಒಂದು ತಗೊಂಡು ಹೋಗೋಕೋ, ಏನೋ ಒಂದು ಕೊಡೋಕೋ ಬಂದವರು. ಕಂದಾಯ, ಇಲ್ಲಾ ಪರಿಹಾರ. "ಯಾವ ಆಫೀಸಿಂದ?" ಅಂತ ಕೇಳೋದು ಅಧಿಕಪ್ರಸಂಗ ಅಲ್ಲ, ಅವರಿಗೆ ಅದು ಗೊತ್ತಿರಬೇಕಾದ ವಿಷಯ. ನಾನು ಅದಕ್ಕೆ ಸುಳ್ಳು ಉತ್ತರ ಕೊಟ್ಟು, ಊಟವನ್ನೂ ಮಾಡಿ ಬಂದಿದ್ದೆ.

ಮರುದಿನ ಅರಳಗುಪ್ಪೆಗೆ ಹೋಗೋದು ಅಂತ ಇತ್ತು. ಅದನ್ನ ಬಿಟ್ಟು ಮತ್ತೆ ಹೊನ್ನವಳ್ಳಿ ಬಸ್ಸು ಹತ್ತಿದೆ. ನಿಜ ಹೇಳಿ ಬಂದರಾಯ್ತು, ಅಜ್ಜ ಒಬ್ಬನೇ ಇರ್ತಾನೆ ಅಂತ ಧೈರ್ಯ.

ಒಬ್ಬನೇ ಇರಲಿಲ್ಲ. ಜಗುಲಿಯಲ್ಲಿ ನಾಲ್ಕು ಜನ ಕೂತಿದ್ದರು. ಕೈಯಲ್ಲಿ ಪಹಣಿ, ಆಧಾರ್ ಜೆರಾಕ್ಸು, ಬ್ಯಾಂಕ್ ಪಾಸ್‌ಬುಕ್ಕು. ಒಬ್ಬರು ಪಕ್ಕದ ಹಳ್ಳಿಯಿಂದ ಮೊಪೆಡ್ಡಿನಲ್ಲಿ ಬಂದಿದ್ದರಂತೆ. "ಮೇಡಮ್ಮೋರು ಇವತ್ತೂ ಬಂದೇ ಬತ್ತಾರೆ ಅಂದಿದ್ದೆ ನಾನು" ಅಂತ ಅಜ್ಜ ಖುಷಿಯಿಂದ ಎದ್ದು ನಿಂತ.

ಹೇಳಿದೆ. ನಿಂತುಕೊಂಡೇ ಹೇಳಿದೆ. ನಾನು ಸರ್ಕಾರದವಳಲ್ಲ, ಸರ್ವೆಯೂ ಇಲ್ಲ, ಬೆಂಗಳೂರಲ್ಲಿ ಕಂಪನಿ ಕೆಲಸ, ಸುಮ್ಮನೆ ಊರು ನೋಡೋಕೆ ಬಂದಿದ್ದು ಅಂತ. ಒಬ್ಬರು ಜೋರಾಗಿ ನಕ್ಕರು. ಇನ್ನೊಬ್ಬರು "ನಮ್ದು ಒಂದಿನದ ಕೆಲ್ಸ ಕೆಡಿಸಿದ್ರಲ್ಲಮ್ಮ" ಅಂತ ಕಾಗದಗಳನ್ನ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಎದ್ದರು. ಮೊಪೆಡ್ಡಿನವರು ಏನೂ ಮಾತಾಡದೆ ಗಾಡಿ ಸ್ಟಾರ್ಟ್ ಮಾಡಿದರು. ಆ ಸದ್ದು ಈಗಲೂ ಒಮ್ಮೊಮ್ಮೆ ಕಿವಿಗೆ ಬರುತ್ತೆ. ಅಜ್ಜ ಸುಮಾರು ಹೊತ್ತು ಸುಮ್ಮನಿದ್ದ. ಆಮೇಲೆ ಅಂದದ್ದು ಇಷ್ಟೇ. "ಸುಮ್ಕೆ ಬಂದೆ ಅಂತ ನೆನ್ನೆನೇ ಅಂದಿದ್ರೆ ಉಣ್ಣಾಕಿಕ್ತಿರ್ಲಿಲ್ವೇನವ್ವಾ ನಾವು?"

ಒಬ್ಬರೇ ತಿರುಗಾಡೋದರ ಬಗ್ಗೆ ಈಗ ಎಲ್ಲರೂ ಬರೆಯುತ್ತಾರೆ. ಒಬ್ಬರೇ ಹೋಗಿ, ನಿಧಾನಕ್ಕೆ ಹೋಗಿ, ಸ್ಥಳೀಯರ ಥರ ಬದುಕಿ ಅಂತ. ಆ ಕಡೇ ಮಾತಿನ ಮೇಲೇ ನನ್ನ ತಕರಾರು. ಸ್ಥಳೀಯರ ಥರ ಅಂದರೆ ಹೇಗೆ? ಹೊನ್ನವಳ್ಳಿಯಲ್ಲಿ ಸ್ಥಳೀಯನಾದವನು ಬೇಸಿಗೆಯಲ್ಲಿ ಬತ್ತಿದ ಬೋರಿನ ಮುಂದೆ ಕೂತಿರುತ್ತಾನೆ. ನಾನು ಭಾನುವಾರ ಸಂಜೆ ವಾಪಸ್ ಬರ್ತೀನಿ. ಗುಂಪಿನಲ್ಲಿ ಹೋದರೆ ನಾವು ಪ್ರವಾಸಿಗಳು, ಒಬ್ಬರೇ ಹೋದರೆ ಬೇರೇನೋ ಆಗಿಬಿಡ್ತೀವಿ ಅನ್ನೋದು ನಮ್ಮ ಭ್ರಮೆ. ನನ್ನ ಮಟ್ಟಿಗೆ ಹೇಳೋದಾದರೆ, ಒಬ್ಬಳೇ ಹೋದದ್ದಕ್ಕೇ ಆ ಸುಳ್ಳು ಅಷ್ಟು ಸಲೀಸಾಗಿ ಬಂತು. ಜೊತೆಗೆ ಗಂಡ ಮಕ್ಕಳು ಇದ್ದಿದ್ದರೆ ಯಾರು ನಂಬುತ್ತಿದ್ದರು? ಒಂಟಿ ಹೆಂಗಸು, ಹೆಗಲಿಗೆ ಬ್ಯಾಗು, ಕೈಯಲ್ಲಿ ಪುಸ್ತಕ. ಸರ್ಕಾರದವಳೇ ಸೈ.

ಹೆಂಗಸು ಅಂದೆ ನೋಡಿ, ಅದನ್ನೂ ಹೇಳಿಬಿಡ್ತೀನಿ. "ಯಾರ ಮನೆಗೆ?" ಅನ್ನೋ ಪ್ರಶ್ನೆ ನನಗೆ ಈಗ ಪ್ರೀತಿಯದು ಅಂತೇನೂ ಅಂದುಕೋಬೇಡಿ. ಅದರ ಹಿಂದೆಯೇ "ಯಜಮಾನ್ರು ಬರ್ಲಿಲ್ವಾ?", "ಮಕ್ಳೆಷ್ಟು?", "ಮನೇಲಿ ಒಪ್ಪಿದ್ರಾ?" ಎಲ್ಲ ಸಾಲಾಗಿ ಬರುತ್ತವೆ. ಅದನ್ನೆಲ್ಲ ಮುಗ್ಧತೆ ಅಂತ ಹೊಗಳೋಕೆ ನಂಗಾಗಲ್ಲ. ಜಾತಿ ತಿಳಿಯೋಕೆ ಸುತ್ತು ಬಳಸಿ ಕೇಳುವವರೂ ಸಿಕ್ಕಿದರು, "ನಿಮ್ಮ ಮನೆದೇವ್ರು ಯಾವ್ದಾಯ್ತು?" ಅಂತ. ಅದರ ಉತ್ತರದ ಮೇಲೆ ಜಗುಲಿಯೋ, ನಡುಮನೆಯೋ ಅನ್ನೋದು ತೀರ್ಮಾನ ಆಗೋದು ನಮಗೆಲ್ಲ ಗೊತ್ತಿದ್ದದ್ದೇ. ಆದರೆ ಸಂಜೆ ಕಡೇ ಬಸ್ಸಿಗೆ ನಾನು ಬರೋದು ತಡವಾದಾಗ "ಇರ್ರೀ, ಆಯಮ್ಮ ಬರ್ಬೇಕು" ಅಂತ ಡ್ರೈವರನ್ನ ನಿಲ್ಲಿಸಿದ್ದೂ ಅದೇ ಪ್ರಶ್ನೆ ಕೇಳಿದ್ದ ಕಂಡಕ್ಟರೇ. ಆ ನಾಲ್ಕು ದಿನ ಊರಿನ ಕಣ್ಣು ನನ್ನ ಮೇಲಿತ್ತು. ಕಾವಲೂ ಅದೇ, ಕಾಟವೂ ಅದೇ. ಬೇಕಾದ್ದನ್ನ ಇಟ್ಟುಕೊಂಡು ಬೇಡದ್ದನ್ನ ಬಿಡೋಕೆ ಅಲ್ಲಿ ಅವಕಾಶ ಇಲ್ಲ.

ಅರಳಗುಪ್ಪೆಗೆ ಕಡೇ ದಿನ ಹೋದೆ. ಒಂಬತ್ತನೇ ಶತಮಾನದ ಕಲ್ಲೇಶ್ವರ ದೇವಸ್ಥಾನದ ಒಳಮಾಳಿಗೆಯಲ್ಲಿ ಶಿವ ಕುಣಿಯುತ್ತಿದ್ದಾನೆ, ವಾದ್ಯದವರು ಜೊತೆಗಿದ್ದಾರೆ, ಸುತ್ತ ಎಂಟು ದಿಕ್ಪಾಲಕರು. ಅದೇ ಊರಲ್ಲಿ ಹೊಯ್ಸಳರ ಕಾಲದ ಚೆನ್ನಕೇಶವನೂ ಇದ್ದಾನೆ. ಅದಕ್ಕೆ ಮೂರು ತಿಂಗಳು ಹಿಂದೆ, 2023ರ ಸೆಪ್ಟೆಂಬರಿನಲ್ಲಿ, ಬೇಲೂರು ಹಳೇಬೀಡು ಸೋಮನಾಥಪುರಗಳು ಯುನೆಸ್ಕೋ ಪಟ್ಟಿ ಸೇರಿದ್ದವು. ಅಲ್ಲಿ ಸೆಲ್ಫಿಗೆ ಸರದಿ. ಇಲ್ಲಿ ಬೀಗ. ಬೀಗದ ಕೈ ಇದ್ದವರು ಹೊಲಕ್ಕೆ ಹೋಗಿದ್ದರು. ಮುಕ್ಕಾಲು ಗಂಟೆ ಕಾದೆ, ಪಕ್ಕದ ಮನೆಯವರು ಕೊಟ್ಟ ನೀರು ಕುಡಿದೆ. ಬಂದವರು ಬಾಗಿಲು ತೆಗೆಯುತ್ತಾ ಕೇಳಿದ್ದೇನು ಗೊತ್ತಾ? "ಯಾವ ಡಿಪಾರ್ಟ್‌ಮೆಂಟು?" :-)

"ಯಾವುದೂ ಇಲ್ಲ ಯಜಮಾನ್ರೇ, ಸುಮ್ನೆ ಬಂದೆ" ಅಂದೆ. ಈ ಸಲ ನಾಲಿಗೆ ತಡವರಿಸಲಿಲ್ಲ. ಅವರು ನಂಬಲಿಲ್ಲ, ಆದರೆ ತೋರಿಸಿದರು.

ಹಾಗಾದರೆ ಇಂಥ ಊರುಗಳ ಹೆಸರು ಬರೆಯಬೇಕಾ, ಮುಚ್ಚಿಡಬೇಕಾ? ಮುಚ್ಚಿಡಿ, ಇಲ್ಲಾಂದ್ರೆ ಹಾಳಾಗುತ್ತೆ ಅನ್ನುವವರಿದ್ದಾರೆ. ಆ ಮಾತಿನಲ್ಲಿ ನನಗೆ ಒಂಥರಾ ಜಮೀನ್ದಾರಿಕೆ ಕಾಣುತ್ತೆ. ಊರು ನಮ್ಮದಾ, ಬಚ್ಚಿಡೋಕೆ? ಕೊಬ್ಬರಿಗೆ ಬೆಲೆ ಇಲ್ಲದ ವರ್ಷ ಹೊರಗಿನಿಂದ ನಾಲ್ಕು ಜನ ಬಂದು ನಾಲ್ಕು ಊಟ ಮಾಡಿದರೆ ಅಲ್ಲಿಯ ಹೋಟೆಲಿನವರು ಬೇಡ ಅಂತಾರಾ? ಹಾಗಂತ "ನೀವು ನೋಡಲೇಬೇಕಾದ ಹತ್ತು ಅಜ್ಞಾತ ಊರುಗಳು" ಅಂತ ಪಟ್ಟಿ ಮಾಡುವ ಧೈರ್ಯವೂ ನನಗಿಲ್ಲ. ನಾನಂತೂ ಹೆಸರು ಬರೆದಿದ್ದೀನಿ, ನೋಡಿ. ಅಲ್ಲಿ ಏನೇನು ನೋಡಬಹುದು ಅಂತ ಬರೆಯುವ ಬದಲು ನಾನು ಏನು ಮಾಡಿ ಬಂದೆ ಅಂತ ಬರೆದಿದ್ದೀನಿ. ಗೆಳತಿಗೂ ನಾಳೆ ಇದನ್ನೇ ಓದೋಕೆ ಕೊಡ್ತೀನಿ. ಇಷ್ಟಾದ ಮೇಲೂ ಹೋಗ್ತೀನಿ ಅಂದರೆ ಬಸ್ಸಿನ ಟೈಮು ಹೇಳೋದು.

ನಾನು ಮತ್ತೆ ಹೋದದ್ದು 2025ರ ಮಳೆಗಾಲದಲ್ಲಿ. ಹೋಗಲೋ ಬೇಡವೋ ಅಂತ ಒಂದೂವರೆ ವರ್ಷ ಎಳೆದಾಡಿದೆ. ಅಷ್ಟರಲ್ಲಿ ಉಂಡೆ ಕೊಬ್ಬರಿ ತಿಪಟೂರು ಮಾರುಕಟ್ಟೆಯಲ್ಲಿ ಕ್ವಿಂಟಲಿಗೆ ಇಪ್ಪತ್ತು ಸಾವಿರ ದಾಟಿ ಪೇಪರಿನಲ್ಲೆಲ್ಲ ಬಂದಿತ್ತು. ಆ ವರ್ಷದ ಬೆಂಬಲ ಬೆಲೆ 12,100. ಯಾರಿಗೂ ಅದರ ನೆನಪೇ ಬೇಕಿರಲಿಲ್ಲ. ಅಜ್ಜನಿಗೆ ಒಳ್ಳೇದಾಗಿರುತ್ತೆ ಅಂದುಕೊಂಡು ಖುಷಿಯಲ್ಲೇ ಹೋದೆ.

ಅದೇ ಬೇಲಿ, ಅದೇ ಗೇಟು. ಅಜ್ಜ ಸ್ವಲ್ಪ ಬಾಗಿದ್ದ. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ಗುರುತು ಹತ್ತಿದ ಮೇಲೆ ಬೊಚ್ಚುಬಾಯಲ್ಲಿ ನಕ್ಕ. "ಏನವ್ವಾ, ಈ ಸರ್ತಿ ಯಾವ ಡಿಪಾಟ್ಮೆಂಟು?"

ಅಜ್ಜಿ ಒಳಗಿನಿಂದ ನೀರು ತಂದಳು. ಬೆಲೆ ಬಂತಲ್ಲ ಅಜ್ಜ ಅಂದೆ. ಮಾತಾಡದೆ ಅಟ್ಟದ ಕಡೆ ಕೈ ತೋರಿಸಿದ. ಏಣಿ ಹತ್ತಿ ಇಣುಕಿದೆ. ಒಂದು ಮೂಲೆಯಲ್ಲಿ ಐವತ್ತು ಅರವತ್ತು ಕಾಯಿ, ಉಳಿದದ್ದೆಲ್ಲ ಬರಿಯ ಹಲಗೆ.

"ಕಾಯಿ ಇದ್ದಾಗ ರೇಟಿಲ್ಲ, ರೇಟ್ ಬಂದಾಗ ಕಾಯಿಲ್ಲ. ಇಳ್ಕಂಡ್ ಬಾ, ಉಣ್ಣೋಣ" ಅಂದ ಕೆಳಗಿಂದ.